ಸೀರೆಗೆಂದು ತಂದ ದೀಪಗಳು

ಪಾರ್ಸೆಲ್ ಬಿಡಿಸಿ ನೋಡಿದರೆ ಒಳಗಿದ್ದದ್ದು ಕೊಡೆ. ನಾನೇ ತರಿಸಿದ್ದು, ಆದರೂ ಕೈಗೆ ಬಂದಾಗ ನಗು ಬಂತು. ನಮ್ಮ ಈಶ್ವರಮಂಗಲದಲ್ಲಿ ಯಾರ ಮನೆಗೆ ಕೊಡೆ ಬಂದರೂ ಅದು ಸುದ್ದಿಯಲ್ಲ. ಆದರೆ ಈ ಕೊಡೆ ಹಾಲಿನ ಹಾಗೆ ಬಿಳಿ. ಅಗಲಿಸಿ ಹಿಡಿದರೆ ಆಚೆ ನಿಂತವರ ಮುಖ ಮಸುಕಾಗಿ ಕಾಣುವಷ್ಟು ತೆಳು. ಬಾಗಿದ ಹಿಡಿಕೆಯೂ ಇಲ್ಲ, ಬರೀ ಒಂದು ಕಡ್ಡಿ.

ತೋಟದಿಂದ ಬಂದ ನಮ್ಮ ಮನೆಯವರು ಕೈ ಒರಸಿಕೊಂಡು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದೆಂತ ಕೊಡೆ ಮಾರಾಯ್ತಿ? ಮಳೆಗೂ ಆಗುದಿಲ್ಲ, ಬಿಸಿಲಿಗೂ ಆಗುದಿಲ್ಲ.”

“ಇದು ದೀಪಕ್ಕೆ ಹಿಡಿಯುವ ಕೊಡೆ.”

“ದೀಪಕ್ಕೆ ಎಂತಕ್ಕೆ ಕೊಡೆ? ಅದು ಮಳೆಗೆ ನೆನೆದು ಚಂಡಿ ಆಗ್ತದಾ?”

ನಿಮಗೂ ಹಾಗೆಯೇ ಅನಿಸಿದ್ದರೆ ನನಗೆ ಬೇಸರವಿಲ್ಲ. ಮಗಳನ್ನು ಮದುವೆ ಮಾಡಿ ಕೊಟ್ಟು, ಮಂಡಿನೋವಿನ ಎಣ್ಣೆ ಹಚ್ಚಿಕೊಂಡು ಕೂರಬೇಕಾದ ಪ್ರಾಯದ ಹೆಂಗಸು, ರಬ್ಬರ್ ಶೀಟ್ ಒಣಗಿಸುವ ಕೋಣೆಯಲ್ಲಿ ಫೋಟೋ ಸ್ಟುಡಿಯೋ ಮಾಡುತ್ತೇನೆ ಎಂದರೆ ಯಾರಿಗಾದರೂ ವಿಚಿತ್ರ ಎನಿಸಬೇಕು. ಇದಕ್ಕೆಲ್ಲ ಕಾರಣ ನೆಲ್ಯಾಡಿಯ ಲಿಲ್ಲಿ ಟೀಚರ್.

ಮಗಳ ಮದುವೆಗೆ ಸೀರೆ ಆರಿಸಿದವಳು ನಾನು. ನೆಂಟರಿಗೆ ಅದು ಹಿಡಿಸಿತು. ‘ನಮಗೂ ಒಂದು ತರಿಸಿಕೊಡು’ ಎಂದು ಒಬ್ಬರು ಹೇಳಿದರು, ಮತ್ತೆ ಇನ್ನೊಬ್ಬರು. ನನಗೇ ಗೊತ್ತಾಗದ ಹಾಗೆ ಅದೊಂದು ವ್ಯಾಪಾರವಾಯಿತು. ಜಗಲಿಯ ಬೆಂಚಿನ ಮೇಲೆ ಸೀರೆ ಹರವಿ, ಫೋನಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದು. ಬೇಕಾದವರು ಫೋನ್ ಮಾಡುವುದು, ಬಸ್ಸಿನಲ್ಲೋ ಕೊರಿಯರಿನಲ್ಲೋ ಕಳಿಸಿಕೊಡುವುದು. ಲಿಲ್ಲಿ ಟೀಚರ್ ನನ್ನ ಹಳೇ ಗಿರಾಕಿ. ನಿವೃತ್ತರಾದ ಮೇಲೂ ಶಾಲೆಯ ಬೆತ್ತವನ್ನು ನಾಲಿಗೆಯಲ್ಲಿ ಇಟ್ಟುಕೊಂಡ ಹೆಂಗಸು. ಒಂದು ದಿನ ಅವರ ಫೋನ್ ಬಂತು.

“ಉಷಾ, ನಾನು ಕೇಳಿದ್ದು ನವಿಲಿನ ಕುತ್ತಿಗೆಯ ಬಣ್ಣ. ಬಂದದ್ದು ಸ್ಕೂಲ್ ಯೂನಿಫಾರ್ಮ್.”

“ಅಯ್ಯೋ ಟೀಚರೇ, ಅದೇ ಸೀರೆ. ನಾನೇ ಕಟ್ಟಿ ಕಳಿಸಿದ್ದು.”

“ನೀವು ಸುಳ್ಳು ಹೇಳುವವರಲ್ಲ, ನಂಗೆ ಗೊತ್ತುಂಟು. ಸುಳ್ಳು ಹೇಳಿದ್ದು ನಿಮ್ಮ ಫೋಟೋ. ಅದಕ್ಕೆ ಸ್ವಲ್ಪ ಬುದ್ಧಿ ಹೇಳಿ.”

ಸೀರೆ ವಾಪಸು ಬಂತು. ಅದನ್ನು ಜಗಲಿಯಲ್ಲಿ ಹಿಡಿದೆ, ಅಂಗಳದಲ್ಲಿ ಹಿಡಿದೆ, ಅಡುಗೆಮನೆಯ ದೀಪದ ಕೆಳಗೆ ಹಿಡಿದೆ. ಒಂದೊಂದು ಕಡೆ ಒಂದೊಂದು ಬಣ್ಣ. ಇಷ್ಟು ಪ್ರಾಯವಾಗುವವರೆಗೆ ಬಣ್ಣ ಸೀರೆಯಲ್ಲಿ ಇರುತ್ತದೆ ಎಂದೇ ನಂಬಿಕೊಂಡಿದ್ದೆ. ಅರ್ಧ ಸೀರೆಯಲ್ಲಿ, ಉಳಿದರ್ಧ ದೀಪದಲ್ಲಿ ಎಂದು ಅವತ್ತು ತಿಳಿಯಿತು. ಮಳೆಗಾಲದಲ್ಲಂತೂ ನಮ್ಮ ಜಗಲಿಯ ಬೆಳಕು ಗಳಿಗೆಗೊಂದು ಥರ. ಸೀರೆ ಮಡಚಿ ಇಡುವಷ್ಟರಲ್ಲಿ ಮೋಡ ಬಂದು ಅರಸಿನ ಹೋಗಿ ಬೂದಿಯಾಗಿರುತ್ತದೆ. ನಂಬಿಗಸ್ತ ಬೆಳಕು ಬೇಕಿದ್ದರೆ ಕೋಣೆಯೊಳಗೆ ನಾನೇ ಮಾಡಿಕೊಳ್ಳಬೇಕು.

ಕೋಣೆ ಇತ್ತು. ಕಾರ್ ಶೆಡ್ಡಿನ ಪಕ್ಕದ್ದು, ಹಿಂದೆ ರಬ್ಬರ್ ಶೀಟುಗಳನ್ನು ಹೊಗೆ ಹಾಕಿ ಒಣಗಿಸುತ್ತಿದ್ದದ್ದು. ಈಗ ನಾವು ಹಾಲನ್ನೇ ಮಾರುತ್ತೇವೆ, ರಬ್ಬರಿನ ಹಾಲನ್ನು, ಹಾಗಾಗಿ ಅದು ಖಾಲಿ. ಗೋಡೆಯೆಲ್ಲ ಮಸಿ. ಗೇಟಿಗೆ ಬಳಿದು ಉಳಿದ ಬಣ್ಣ ಬೇಡವೆಂದು, ಮಗಳ ಕೋಣೆಗೆ ತಂದು ಉಳಿದಿದ್ದ ತಿಳಿಗುಲಾಬಿ ಬಣ್ಣವನ್ನೇ ಬಳಿಸಿದೆ. ಮಿತವ್ಯಯ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮೊದಲನೆಯ ವಾರದ ಫೋಟೋಗಳಲ್ಲಿ ಬಿಳಿ ಸೀರೆಗೆ ಜ್ವರ ಬಂದಂತಿತ್ತು, ಹಸಿರು ಸೀರೆ ಬಾಡಿದ ಬಸಳೆಯಂತಿತ್ತು. ದೀಪದ ಬೆಳಕು ಗೋಡೆಗೆ ಬಡಿದು ಗುಲಾಬಿ ಬಣ್ಣವನ್ನು ಹೊತ್ತುಕೊಂಡೇ ಸೀರೆಯ ಮೇಲೆ ಬೀಳುತ್ತಿತ್ತು. ಮತ್ತೆ ಬಿಳಿ ಬಳಿಸಿದೆ. ರಬ್ಬರಿನ ವಾಸನೆ ಮಾತ್ರ ಯಾವ ಬಣ್ಣಕ್ಕೂ ಬಗ್ಗಲಿಲ್ಲ. ಅದು ಈಗಲೂ ಉಂಟು. ಫೋಟೋದಲ್ಲಿ ವಾಸನೆ ಬರುವುದಿಲ್ಲ ಎಂಬುದೇ ನನ್ನ ಭಾಗ್ಯ.

ಸರಿಯಾದ ದೀಪ ಹುಡುಕಿದ ಕತೆ ಇನ್ನೂ ದೊಡ್ಡದು. ಪುತ್ತೂರಿನ ಇಲೆಕ್ಟ್ರಿಕ್ ಅಂಗಡಿಗೆ ಹೋಗಿ, “ಬಣ್ಣ ಸರಿಯಾಗಿ ತೋರಿಸುವ ಬಲ್ಬ್ ಉಂಟಾ?” ಎಂದು ಕೇಳಿದೆ. ಅಂಗಡಿಯವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಎಲ್ಲ ಬಲ್ಬಿನಲ್ಲೂ ಬಣ್ಣ ಕಾಣ್ತದೆ ಅಕ್ಕ, ಕರೆಂಟ್ ಇದ್ರೆ” ಎಂದರು. ಉತ್ತರ ಸರಿಯಾಗಿಯೇ ಇತ್ತು, ನಾನು ಎರಡು ಟ್ಯೂಬ್‌ಲೈಟ್ ತಂದೆ. ಫೋಟೋದಲ್ಲಿ ಎಲ್ಲದಕ್ಕೂ ಪಾಚಿ ಹಿಡಿದಂಥ ಒಂದು ಛಾಯೆ. ಬೇಸಿಗೆಯಲ್ಲಿ ಅಕ್ಕಪಕ್ಕದ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಬಿದ್ದು ದೀಪ ನಡುಗುತ್ತಿತ್ತು, ಆಗ ಫೋಟೋದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ. ಅದನ್ನು ಸೀರೆಯ ಡಿಸೈನ್ ಎಂದು ತಿಳಿದು ಇಬ್ಬರು ಆರ್ಡರ್ ಕೂಡ ಕೊಟ್ಟರು.

ಆಮೇಲೆ ರಿಂಗ್ ಲೈಟ್ ತರಿಸಿದೆ. ಬಳೆಯ ಹಾಗೆ ದುಂಡಗಿನ ದೀಪ, ಮಧ್ಯೆ ಫೋನ್ ಸಿಕ್ಕಿಸುವುದು. ಈಗ ಫೋನಿನಲ್ಲಿ ಅಡುಗೆ ತೋರಿಸುವವರು, ನೃತ್ಯ ಮಾಡುವವರು ಎಲ್ಲ ಇಟ್ಟುಕೊಳ್ಳುವುದು ಅದನ್ನೇ. ಮುಖಕ್ಕೆ ಆದೀತು. ರೇಷ್ಮೆಗೆ ಅದರ ಬೆಳಕು ಎದುರಿನಿಂದ ನೇರವಾಗಿ ಬಿದ್ದು ಜರಿಯೆಲ್ಲ ಫಳ್ಳೆಂದು ಹೊಳೆದು, ನೇಯ್ಗೆಯೇ ಕಾಣುತ್ತಿರಲಿಲ್ಲ. ಹತ್ತಿಯ ಸೀರೆಯೂ ಪ್ಲಾಸ್ಟಿಕ್ಕಿನ ಹಾಗೆ. ಬಟ್ಟೆಯ ಗುಣ ತಿಳಿಯಬೇಕಾದರೆ ಬೆಳಕು ಬದಿಯಿಂದ ಬರಬೇಕು, ಒಂದೊಂದು ಎಳೆಯ ಪಕ್ಕದಲ್ಲೂ ಒಂದಿಷ್ಟು ನೆರಳು ಉಳಿಯಬೇಕು. ಇದನ್ನು ನಾನು ಕಲಿತದ್ದು ಒಂದು ಸೌತೆಕಾಯಿಯನ್ನು ಮೇಜಿನ ಮೇಲಿಟ್ಟು, ಒಂದು ದೀಪವನ್ನು ಅದರ ಸುತ್ತ ತಿರುಗಿಸಿ. ಎದುರಿನಿಂದ ಹಾಕಿದರೆ ಅದು ಸೌತೆಕಾಯಿಯ ಚಿತ್ರ. ಬದಿಯಿಂದ ಹಾಕಿದರೆ ಕೈ ಹಾಕಿ ಎತ್ತಿಕೊಳ್ಳಬೇಕು ಎನಿಸುವ ಸೌತೆಕಾಯಿ. ಮಧ್ಯಾಹ್ನ ಅದನ್ನೇ ಹುಳಿ ಮಾಡಿ ಬಡಿಸಿದೆ. ಮನೆಯವರು, “ಇವತ್ತು ಫೋಟೋದ ಸೌತೆಯಾ?” ಎಂದು ಕೇಳಿದರು.

ಕೊನೆಗೆ ನಿಂತದ್ದು ಹೀಗೆ. ಒಂದು ಸಾಫ್ಟ್‌ಬಾಕ್ಸ್, ಎಂದರೆ ಒಳಗೆ ದೀಪ, ಎದುರಿಗೆ ಬಿಳಿ ಬಟ್ಟೆ ಕಟ್ಟಿದ ದೊಡ್ಡ ಪೆಟ್ಟಿಗೆ. ಕಿಟಕಿಯೊಂದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಂತೆ ಇರುತ್ತದೆ. ಅದಕ್ಕೆ, ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೂ ಡಬ್ಬದ ಮೇಲೆ ಅಂಕ ಬರೆದಿದ್ದ ಬಲ್ಬ್. ಒಂದು ಬಿಳಿ ಕೊಡೆ, ಎರಡನೆಯ ದೀಪವನ್ನು ಸ್ವಲ್ಪ ಮೆತ್ತಗೆ ಮಾಡುವುದಕ್ಕೆ. ನೆರಳು ತೀರಾ ಗಾಢವಾದಾಗ ಆಚೆ ಬದಿಯಿಂದ ಬೆಳಕು ಹಿಂತಿರುಗಿಸಲು ಒಂದು ಥರ್ಮೋಕೋಲ್ ಹಲಗೆ, ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬಂದದ್ದು. ಸ್ಟ್ಯಾಂಡಿನ ಕಾಲು ಹಗುರವೆಂದು ಅದಕ್ಕೆ ತೂಗುಹಾಕಲು ಎರಡು ಚೀಲ ಮರಳು. ಹೊಸದಾಗಿ ಶುರು ಮಾಡುವವರು ಯಾರಾದರೂ ಕೇಳಿದರೆ ನಾನು ಈಗ ದೊಡ್ಡ ಮನುಷ್ಯರ ಹಾಗೆ ಹೇಳುವುದುಂಟು: ಒಂದೇ ದೀಪ ತೆಕ್ಕೊಳ್ಳಿ, ಒಳ್ಳೆಯದು ತೆಕ್ಕೊಳ್ಳಿ, ಅದು ಎಲ್ಲಿ ನಿಲ್ಲಬೇಕು ಅಂತ ಕಲಿಯಿರಿ. ಎರಡನೆಯದ್ದರ ಆಸೆ ತಾನಾಗಿ ಬರ್ತದೆ, ಅದನ್ನು ಆದಷ್ಟು ತಡೆಯಿರಿ. ನಾನು ತಡೆಯಲಿಲ್ಲ, ಆ ಮಾತು ಬೇರೆ.

ಲಿಲ್ಲಿ ಟೀಚರಿಗೆ ಅದೇ ನವಿಲಿನ ಸೀರೆಯ ಹೊಸ ಫೋಟೋ ಕಳಿಸಿದೆ. “ಈಗ ಸರಿಯಾಗಿ ಯೂನಿಫಾರ್ಮಿನ ಹಾಗೆ ಕಾಣ್ತದೆ” ಎಂದು ಹೊಗಳಿದರು.

ದೀಪಗಳನ್ನು ಹೊತ್ತಿಸಿ ಒಬ್ಬಳೇ ಆ ಕೋಣೆಯಲ್ಲಿ ಕೂತಾಗ ನನಗೆ ನೆನಪಾಗುತ್ತಿದ್ದದ್ದು ಪುತ್ತೂರಿನ ಒಂದು ಹಳೇ ಸ್ಟುಡಿಯೋ. ಈಗ ಆ ಜಾಗದಲ್ಲಿ ಚಪ್ಪಲಿ ಅಂಗಡಿ ಉಂಟು. ನಾನು ಆಗ ಪ್ರಾಥಮಿಕ ಶಾಲೆಯಲ್ಲಿದ್ದೆ. ನನ್ನಕ್ಕ ಶಂಕರಿಗೆ ಸಂಬಂಧ ನೋಡಲು ಶುರು ಮಾಡಿದ್ದರು, ಅದಕ್ಕೊಂದು ಫೋಟೋ ಬೇಕಿತ್ತು. ಅಮ್ಮ, ಅಕ್ಕ, ನಾನು ಮೂವರೂ ಬಸ್ಸಿನಲ್ಲಿ ಹೋದದ್ದು. ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ, ಮನೆಯಲ್ಲಿ ಬಿಟ್ಟರೆ ಅಳುತ್ತಿದ್ದೆ ಎಂಬ ಒಂದೇ ಅರ್ಹತೆ.

ಕೆಂಪು ಪರದೆ ಸರಿಸಿ ಒಳಗೆ ಹೋದರೆ ಕತ್ತಲೆ, ಫೋಟೋ ತೊಳೆಯುವ ಮದ್ದಿನ ಘಾಟು. ಗೋಡೆಯಲ್ಲಿ ಒಂದು ಕನ್ನಡಿ, ಅದಕ್ಕೆ ನೂಲಿನಲ್ಲಿ ಕಟ್ಟಿದ ಬಾಚಣಿಗೆ, ಕೆಳಗೆ ಪೌಡರಿನ ಡಬ್ಬ. ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕೊಳ, ಎರಡು ಹಂಸ. ನಮ್ಮ ಊರಿನಲ್ಲಿ ಯಾರೂ ಹಂಸ ನೋಡಿರಲಿಲ್ಲ, ಆದರೆ ಎಲ್ಲ ಮದುಮಕ್ಕಳ ಹಿಂದೆಯೂ ಆ ಎರಡು ಹಂಸ ಈಜುತ್ತಿದ್ದವು. ಸ್ಟುಡಿಯೋದವರು ತಗಡಿನ ಬೋಗುಣಿಗಳಂಥ ದೊಡ್ಡ ದೀಪಗಳನ್ನು ಹೊತ್ತಿಸಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಕೋಣೆಯೇ ಒಲೆಯ ಬಾಯಿಯಂತಾಯಿತು.

ನನ್ನಕ್ಕ ಕಪ್ಪು. ಈ ಮಾತನ್ನು ಹಾಗೆ ನೇರವಾಗಿ ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ‘ಸ್ವಲ್ಪ ಬಣ್ಣ ಕಡಿಮೆ’ ಎನ್ನುತ್ತಿದ್ದರು, ತೂಕದಲ್ಲಿ ಮೋಸವಾದ ಹಾಗೆ. ನನಗಂತೂ ಅಕ್ಕನಷ್ಟು ಚಂದದವರು ಯಾರೂ ಇರಲಿಲ್ಲ. ತಲೆಸ್ನಾನ ಮಾಡಿ, ಎಣ್ಣೆಪಸೆಯ ಮುಖದಲ್ಲಿ, ಬಿಡಿಸಿದ ಕೂದಲು ಬೆನ್ನಿಗೆ ಹರವಿಕೊಂಡು ಅಂಗಳದಲ್ಲಿ ನಿಂತರೆ, ಹಬ್ಬಕ್ಕೆ ಒರಸಿಟ್ಟ ದೇವರ ಮೂರ್ತಿಯ ಹಾಗೆ ಅವಳ ಕೆನ್ನೆ ಹೊಳೆಯುತ್ತಿತ್ತು.

ಅಮ್ಮ ಸ್ಟುಡಿಯೋದವರ ಹತ್ತಿರ ಹೋಗಿ ತಗ್ಗಿದ ಸ್ವರದಲ್ಲಿ, “ಸ್ವಲ್ಪ ಬೆಳ್ಳಗೆ ಬಂದರೆ ಒಳ್ಳೆದಿತ್ತು” ಎಂದರು. ಸ್ಟುಡಿಯೋದವರೇನೂ ಕೆಟ್ಟವರಲ್ಲ. ಎಲ್ಲ ಅಮ್ಮಂದಿರೂ ಅದನ್ನೇ ಕೇಳುತ್ತಿದ್ದರೋ ಏನೋ, “ಅದೆಲ್ಲ ನಾನು ನೋಡಿಕೊಳ್ತೇನೆ ಅಮ್ಮ” ಎಂದರು. ಅಕ್ಕನ ಮುಖಕ್ಕೆ ಪೌಡರ್ ಮೆತ್ತಿಸಿದರು. ಎರಡೂ ದೀಪಗಳನ್ನು ಅವಳ ಎದುರಿಗೇ ತಂದು ನಿಲ್ಲಿಸಿದರು. “ಉಸಿರು ಹಿಡಿ. ನಗುದು ಬೇಡ. ಗಲ್ಲ ಮೇಲೆ.” ಅಕ್ಕ ಉಸಿರು ಹಿಡಿದಳು. ನಾನೂ ಮೂಲೆಯಲ್ಲಿ ಉಸಿರು ಹಿಡಿದೆ.

ಬಂದ ಫೋಟೋ ನೋಡಿ ಮನೆಯಲ್ಲಿ ಎಲ್ಲರಿಗೂ ಸಂತೋಷ. ನೆಗೆಟಿವ್ ಮೇಲೆ ಪೆನ್ಸಿಲಿನಲ್ಲೂ ತಿದ್ದಿದ್ದರಂತೆ. ಯಾವುದೋ ಮೈದಾಹಿಟ್ಟಿನ ಹುಡುಗಿ, ನನ್ನಕ್ಕನ ಸೀರೆ ಉಟ್ಟುಕೊಂಡು, ಹಂಸಗಳ ಎದುರು ಕೂತಿದ್ದಳು. ಆ ಫೋಟೋ ನೋಡಿ ಮೆಚ್ಚಿ ಒಂದು ಕಡೆಯವರು ಬಂದರು. ಸಜ್ಜಿಗೆ, ಅವಲಕ್ಕಿ ತಿಂದರು. ಅಕ್ಕ ಕಾಫಿಯ ತಟ್ಟೆ ಹಿಡಿದು ಬಂದಾಗ ಅವರಲ್ಲಿ ಒಬ್ಬರು ಹಿರಿಯ ಹೆಂಗಸು ನಗುಮುಖದಲ್ಲೇ, “ಇವಳು ದೊಡ್ಡವಳಾ? ಫೋಟೋದ ಹುಡುಗಿ ಒಳಗೆ ಉಂಟಾ?” ಎಂದು ಕೇಳಿದರು.

ಅಕ್ಕ ಎಲ್ಲರಿಗೂ ಕಾಫಿ ಕೊಟ್ಟು, ಒಂದು ತೊಟ್ಟೂ ಚೆಲ್ಲದೆ, ಖಾಲಿ ತಟ್ಟೆ ಹಿಡಿದು ಒಳಗೆ ಬಂದಳು. ಅವರು ಹೋದ ಮೇಲೆ ಅಮ್ಮ ಅತ್ತರು. ಅಕ್ಕ ಅಳಲಿಲ್ಲ. “ಇನ್ನು ನನ್ನ ಫೋಟೋ ತೆಗೆಸುದು ಬೇಡ” ಎಂದಳು, ಅಷ್ಟೆ. ಆಮೇಲೆ ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿದಳು.

ಆ ಮಾತನ್ನು ಅವಳು ಉಳಿಸಿಕೊಂಡದ್ದು ನೋಡಿದರೆ ನಿಮಗೆ ಆಶ್ಚರ್ಯವಾದೀತು. ನಮ್ಮ ಕುಟುಂಬದ ಯಾವ ಗುಂಪುಚಿತ್ರ ತೆಗೆದು ನೋಡಿ, ಅಕ್ಕ ಇರುವುದಿಲ್ಲ. ಇದ್ದರೂ ಒಂದು ಕಿವಿ, ಒಂದು ಸೆರಗು. ಸರಿಯಾಗಿ ಕ್ಯಾಮರಾ ಬರುವಾಗ ಅವಳಿಗೆ ಪಾಯಸ ತಳಹಿಡಿದ ವಾಸನೆ ಬರುತ್ತದೆ. ಸ್ವಂತ ಮದುವೆಯ ಆಲ್ಬಮಿನಲ್ಲೂ ತಲೆತಗ್ಗಿಸಿ ಕೂತ ನೆತ್ತಿ ಮಾತ್ರ. ನೋಡಿದವರು ‘ಎಷ್ಟು ನಾಚಿಕೆ’ ಎನ್ನುತ್ತಾರೆ. ನಾಚಿಕೆ! ಪಂಚಾಯತ್ ಆಫೀಸಿನಲ್ಲಿ ಮೇಜು ಕುಟ್ಟಿ ಮಾತಾಡುವ ಹೆಂಗಸಿಗೆ.

ಮದುವೆ ಎಂದ ಕೂಡಲೇ ಪಂಜದ ಭಾವನ ವಿಷಯ ಹೇಳಲೇಬೇಕು. ಅವರು ಅಕ್ಕನನ್ನು ಮೊದಲು ನೋಡಿದ್ದು ಸುಳ್ಯದಲ್ಲಿ ಒಂದು ಗೃಹಪ್ರವೇಶದಲ್ಲಿ. ಊಟದ ಚಪ್ಪರಕ್ಕೆ ಒಂದು ದನ ನುಗ್ಗಿ ಬಾಳೆಎಲೆಗೆ ಬಾಯಿ ಹಾಕಿತ್ತಂತೆ. ಗಂಡಸರೆಲ್ಲ ಹಚಾ ಹಚಾ ಎಂದು ಕೂಗುತ್ತ ನಿಂತಿದ್ದಾಗ ಅಕ್ಕ ಹೋಗಿ ಅದರ ಕುತ್ತಿಗೆಯ ಗಂಗೆದೊಗಲು ತುರಿಸುತ್ತ, “ನಿನ್ನನ್ನು ಯಾರು ಕರೆದದ್ದು? ಕಾಗದ ಬಂದಿತ್ತಾ? ಬಾ, ಹಿಂದಿನ ಪಂಕ್ತಿಯಲ್ಲಿ ಕೂರು” ಎಂದು ಮಾತಾಡಿಸಿಕೊಂಡೇ ಹಿತ್ತಲಿಗೆ ಕರೆದುಕೊಂಡು ಹೋದಳಂತೆ. ಭಾವ ಮನೆಗೆ ಹೋಗಿ, ಮದುವೆಯಾದರೆ ಇವಳನ್ನೇ ಎಂದರು. ಅವರ ಮನೆಯವರು ಫೋಟೋ ತರಿಸೋಣ ಎಂದಾಗ, “ಎಂತಕ್ಕೆ? ನನಗೆ ಕಣ್ಣುಂಟಲ್ಲ” ಎಂದರಂತೆ. ಈ ಕತೆಯನ್ನು ಭಾವ ಎಲ್ಲ ನೆಂಟರ ಮನೆಯಲ್ಲೂ ಹೇಳುತ್ತಾರೆ, ಅಕ್ಕ ಪ್ರತಿ ಸಲವೂ “ಸಾಕು ಮಾರಾಯ್ರೆ” ಎನ್ನುತ್ತಾಳೆ, ಆದರೆ ಮುಗಿಯುವ ತನಕ ಎದ್ದು ಹೋಗುವುದಿಲ್ಲ.

ಇಂಥ ಅಕ್ಕ ಈ ವರ್ಷ ಅವರ ಊರಿನ ಹೆಂಗಸರ ಹಾಲಿನ ಸೊಸೈಟಿಗೆ ಅಧ್ಯಕ್ಷೆಯಾದಳು. ಸೊಸೈಟಿಗೆ ಹೊಸ ಕಟ್ಟಡವೂ ಆಗಿತ್ತು. ಉದ್ಘಾಟನೆಗೆ ಫ್ಲೆಕ್ಸ್ ಹಾಕಬೇಕು. ಈಗಿನ ಕಾಲದಲ್ಲಿ ಫ್ಲೆಕ್ಸ್ ಇಲ್ಲದೆ ಬಾಗಿಲೇ ತೆರೆಯುವುದಿಲ್ಲ. ಅದರಲ್ಲಿ ಅಧ್ಯಕ್ಷೆಯ ಫೋಟೋ ಬೇಕು. ಅಕ್ಕ, “ಹೆಸರು ಹಾಕಿ, ಸಾಕು. ಬೇಕಿದ್ದರೆ ದನದ ಫೋಟೋ ಹಾಕಿ, ಹಾಲು ಕೊಡುದು ಅದೇ ಅಲ್ವಾ” ಎಂದು ಕಡ್ಡಿ ಮುರಿದ ಹಾಗೆ ಹೇಳಿದಳಂತೆ. ಸದಸ್ಯರಿಗೆ ಬೇಜಾರು. ಭಾವ ನನಗೆ ಫೋನ್ ಮಾಡಿದರು. ಸ್ವರ ತಗ್ಗಿಸಿದ್ದರು, ಹಟ್ಟಿಯ ಹಿಂದಿನಿಂದ ಮಾತಾಡುತ್ತಿದ್ದಿರಬೇಕು.

“ಉಷಾ, ಊರಲ್ಲೆಲ್ಲ ಅವಳ ಹೆಸರು ಉಂಟು. ಮುಖ ಇಲ್ಲ. ಅವಳು ಒಂದು ದಿನ ಇಲ್ಲದಿದ್ದರೆ, ಮೊಮ್ಮಕ್ಕಳಿಗೆ ತೋರಿಸಲಿಕ್ಕೆ ನನ್ನ ಹತ್ತಿರ ನೆತ್ತಿ ಒಂದೇ ಇರುದು.”

ಅವರು ನಗುತ್ತಲೇ ಹೇಳಿದರು. ಆದರೆ ಫೋನ್ ಇಟ್ಟ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಉದ್ಘಾಟನೆಗೆ ಸೀರೆ ಆರಿಸಲು ಬಾ ಎಂದು ಅಕ್ಕನನ್ನು ಕರೆದೆ. ಒಂದು ಬೆಳಗ್ಗೆ ಇಬ್ಬರೂ ಜೀಪಿನಲ್ಲಿ ಬಂದರು. ತಿಂಡಿ, ಕಾಫಿ, ಊರಿನ ಸುದ್ದಿ ಎಲ್ಲ ಮುಗಿದ ಮೇಲೆ ಸೀರೆ ನೋಡಲು ಆ ಕೋಣೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲೇ ಅವಳಿಗೆ ಸ್ಟ್ಯಾಂಡುಗಳು ಕಂಡವು.

“ಇದಕ್ಕಾ ನೀನು ನನ್ನನ್ನು ಕರೆದದ್ದು?”

“ಸೀರೆಗೂ ಹೌದು.”

ಅಕ್ಕ ಹೊರಟು ಹೋಗುತ್ತಾಳೆ ಎಂದುಕೊಂಡೆ. ಅವಳು ಒಳಗೆ ಬಂದು, ಸಾಫ್ಟ್‌ಬಾಕ್ಸಿನ ಬಟ್ಟೆ ಮುಟ್ಟಿ ನೋಡಿದಳು. ಮರಳಿನ ಚೀಲವನ್ನು ಕಾಲಿನಿಂದ ಸ್ವಲ್ಪ ದೂಡಿದಳು. “ಆ ಸ್ಟುಡಿಯೋದಲ್ಲಿ ಸೆಕೆ ಹೇಗಿತ್ತು ಅಂತ ನೆನಪುಂಟಾ ನಿಂಗೆ?” ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಅವಳಾಗಿ ಆ ವಿಷಯ ಎತ್ತಿದ್ದು ಅದೇ ಮೊದಲು.

“ನಾನೂ ಉಸಿರು ಹಿಡಿದಿದ್ದೆ” ಎಂದೆ.

ಅವಳಿಗೆ ನಗು ಬಂತು. “ನೀನು ಎಂತಕ್ಕೆ ಹಿಡಿದದ್ದು?” ನಕ್ಕು ಮುಗಿಸಿ ಹೇಳಿದಳು, “ಬೆಳ್ಳಗೆ ಮಾಡುದಿಲ್ಲ ಅಂತಾದರೆ ಕೂರ್ತೇನೆ.”

ಮಾಡುವುದಿಲ್ಲ ಎಂದು ಹೇಳಿಬಿಟ್ಟೆ. ಹೇಳಿದಷ್ಟು ಸುಲಭವಿರಲಿಲ್ಲ. ಮೊದಲು ಅಭ್ಯಾಸಬಲದಿಂದ ಎರಡೂ ದೀಪ ಹೊತ್ತಿಸಿ ಎದುರಿಗೆ ಇಟ್ಟೆ. ಬಂದದ್ದು ಅಕ್ಕನಲ್ಲ. ಕೆನ್ನೆ ಕಾಗದದ ಹಾಗೆ ಚಪ್ಪಟೆ, ಅದೂ ಬಿಳಿಚಿಕೊಂಡು. ದೀಪ ದೂರ ಇಟ್ಟೆ, ಆಗಲೂ ಹಾಗೆಯೇ. ಆಮೇಲೆ ನೋಡಿದರೆ ಫೋನಿನ ಒಳಗೇ ಒಂದು ಪೌಡರಿನ ಡಬ್ಬ ಉಂಟು, ಮುಖ ಕಂಡಕೂಡಲೇ ನಮ್ಮನ್ನು ಕೇಳದೆ ತಾನೇ ಹಚ್ಚುತ್ತದೆ. ಅದನ್ನು ಹುಡುಕಿ ಬಂದ್ ಮಾಡುವಷ್ಟರಲ್ಲಿ ನನಗೆ ಬೆವರು. ಅಕ್ಕ ಸ್ಟೂಲಿನ ಮೇಲೆ ಗಲ್ಲ ಮೇಲೆತ್ತಿ, ಉಸಿರು ಹಿಡಿದು, ಆ ಹಳೇ ಹುಡುಗಿಯ ಹಾಗೆಯೇ ಕೂತಿದ್ದಳು. ಇವಳು ಎದ್ದರೆ ಇನ್ನು ಈ ಜನ್ಮದಲ್ಲಿ ಕೂರುವುದಿಲ್ಲ.

ಎಲ್ಲ ದೀಪ ಆರಿಸಿದೆ. ಕೊಡೆ ಮಡಚಿ ಬದಿಗಿಟ್ಟೆ. ಸಾಫ್ಟ್‌ಬಾಕ್ಸ್ ಒಂದನ್ನೇ ಅವಳ ಎಡಗಡೆಗೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಕಣ್ಣಿಗಿಂತ ಸ್ವಲ್ಪ ಮೇಲೆ ನಿಲ್ಲಿಸಿದೆ. ಬೆಳಕು ಒಂದು ಕೆನ್ನೆಯಿಂದ ಮೂಗಿನ ಮೇಲೆ ಹತ್ತಿ, ಇನ್ನೊಂದು ಕೆನ್ನೆಗೆ ಇಳಿದು, ಅಲ್ಲಿ ಮೆಲ್ಲಗೆ ಕರಗಿತು. ಆಚೆ ಬದಿ ತೀರಾ ಕತ್ತಲಾಗದಿರಲಿ ಎಂದು ಥರ್ಮೋಕೋಲ್ ಹಿಡಿಯಲು ಭಾವನನ್ನು ಕರೆದೆ. ಅವರು ಎರಡೂ ಕೈಯಲ್ಲಿ ಆ ಹಲಗೆ ಹಿಡಿದು ದ್ವಾರಪಾಲಕರ ಹಾಗೆ ನಿಂತರು.

“ಅಕ್ಕ, ನಿನ್ನ ಕೆಂಪಿ ಕರು ಹಾಕಿತಾ?” ಎಂದು ಕೇಳಿದೆ.

ಅಷ್ಟು ಸಾಕಾಯಿತು. ಕೆಂಪಿ ಕರು ಹಾಕುವ ದಿವಸ ಡಾಕ್ಟರು ಬಾರದ್ದು, ಕರುವಿನ ಕಾಲು ಅಡ್ಡವಾದದ್ದು, ಇವಳೇ ಕೈಹಾಕಿ ಸರಿಮಾಡಿದ್ದು, ಭಾವ ಆಗ ಟಾರ್ಚ್ ಹಿಡಿದುಕೊಂಡು ಕಣ್ಣುಮುಚ್ಚಿ ನಿಂತದ್ದು. “ಟಾರ್ಚ್ ಹಿಡಿದದ್ದು ಹಟ್ಟಿಯ ಮಾಡಿನ ಹಂಚಿಗೆ! ಕರು ಮಾಡಿನಿಂದ ಬೀಳ್ತದಾ?” ಭಾವ ಥರ್ಮೋಕೋಲಿನ ಹಿಂದಿನಿಂದ, “ನನಗೆ ರಕ್ತ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ” ಎಂದರು. ಅಕ್ಕ ಅವರ ಕಡೆ ತಿರುಗಿದಳು. ನಗು ಇನ್ನೂ ಬಂದಿರಲಿಲ್ಲ, ಹೊರಟಿತ್ತು. ಆಗ ತೆಗೆದೆ.

ಫೋನನ್ನು ಅವಳ ಕೈಗೆ ಕೊಟ್ಟು ನಾನು ಸುಮ್ಮನೆ ಸೀರೆ ಮಡಚತೊಡಗಿದೆ. ಅಕ್ಕ ಕನ್ನಡಕ ಹಾಕಿಕೊಂಡು ನೋಡಿದಳು. ಬೆರಳಿನಲ್ಲಿ ದೊಡ್ಡದು ಮಾಡಿ ನೋಡಿದಳು. ಕಪ್ಪು ಮುಖ, ಅದರಲ್ಲಿ ಕೆನ್ನೆಯ ಮೇಲೆ ಆ ಹಳೇ ಹೊಳಪು, ಕಣ್ಣಿನ ಪಕ್ಕದಲ್ಲಿ ನೆರಿಗೆಗಳು, ಮೂಗುಬೊಟ್ಟಿನಲ್ಲಿ ಒಂದು ಬೆಳಕಿನ ಹನಿ. ಭಾವ ಹಲಗೆ ಗೋಡೆಗೆ ಒರಗಿಸಿ ಬಂದು ಹಿಂದಿನಿಂದ ಇಣುಕಿದರು. ಹೆಗಲ ಬೈರಾಸು ತೆಗೆದು ಮುಖ ಒರಸಿಕೊಂಡರು.

“ಅಮ್ಮನ ಹಾಗೆ ಕಾಣ್ತೇನೆ” ಎಂದಳು ಅಕ್ಕ. ಅಮ್ಮ ಬೆಳ್ಳಗಿದ್ದರು. ಆದರೆ ಹೌದು, ಅಮ್ಮನ ಹಾಗೆಯೇ ಕಾಣುತ್ತಿದ್ದಳು. ಅದು ನಮಗೆ ಯಾರಿಗೂ ಅಲ್ಲಿಯವರೆಗೆ ಕಂಡೇ ಇರಲಿಲ್ಲ.

ಕತೆ ಅಲ್ಲಿಗೇ ಮುಗಿದಿದ್ದರೆ ನನ್ನ ದೀಪಗಳ ಮಹಿಮೆ ಹೇಳಿಕೊಂಡು ನಾನು ಸುಖವಾಗಿ ಇರಬಹುದಿತ್ತು. ಫೋಟೋವನ್ನು ಕಡಬದ ಒಂದು ಫ್ಲೆಕ್ಸ್ ಅಂಗಡಿಗೆ ಕಳಿಸಿದ್ದರು. ಪ್ರಿಂಟಿಗೆ ಮುಂಚೆ ಒಮ್ಮೆ ನೋಡಿ ಎಂದು ಅವರು ಕರೆದಾಗ, ಅಕ್ಕನ ಒಟ್ಟಿಗೆ ನಾನೂ ಹೋದೆ. ಕಂಪ್ಯೂಟರಿನ ಮುಂದೆ ಒಬ್ಬಳು ಚುರುಕು ಹೆಣ್ಣುಮಗಳು, ನಮ್ಮನ್ನು ಕಂಡು ಖುಷಿಯಲ್ಲಿ ಪರದೆ ತಿರುಗಿಸಿದಳು. ನೀಲಿ ಆಕಾಶ, ಹಸಿರು ಹುಲ್ಲು, ಹಾಲಿನ ಕ್ಯಾನು, ಮಧ್ಯದಲ್ಲಿ ದೊಡ್ಡದಾಗಿ ಒಂದು ಮುಖ. ಗೋಧಿಹಿಟ್ಟಿನ ಬಣ್ಣ, ಒಂದೂ ನೆರಿಗೆ ಇಲ್ಲ.

“ಫೋಟೋ ಸ್ವಲ್ಪ ಡಾರ್ಕ್ ಇತ್ತು ಆಂಟಿ. ನಾನು ಫೇರ್ ಮಾಡಿದ್ದೇನೆ. ಎಕ್ಸ್‌ಟ್ರಾ ಚಾರ್ಜ್ ಎಂತ ಇಲ್ಲ.”

ನನಗೆ ಸಿಟ್ಟು ಬಂದು ಬಾಯಿ ತೆರೆದೆ. ಅಕ್ಕ ನನ್ನ ಕೈ ಒತ್ತಿದಳು. ಕುರ್ಚಿ ಎಳೆದುಕೊಂಡು ಆ ಹುಡುಗಿಯ ಪಕ್ಕದಲ್ಲಿ ಕೂತಳು. ಸ್ವರ ಏರಿಸಲಿಲ್ಲ, ಚಪ್ಪರಕ್ಕೆ ನುಗ್ಗಿದ ದನದೊಟ್ಟಿಗೂ ಇದೇ ಸ್ವರದಲ್ಲಿ ಮಾತಾಡಿದ್ದಿರಬೇಕು.

“ಚಂದ ಉಂಟು ಮಗಾ. ಆದರೆ ಇವರು ಯಾರು?”

“ನೀವೇ ಆಂಟಿ!”

“ನಾನಲ್ಲ. ಇವರು ಬಂದು ಹಾಲು ಅಳೆದರೆ ನಮ್ಮ ಸದಸ್ಯರು ಕೊಡ್ಲಿಕ್ಕಿಲ್ಲ. ನನ್ನ ಬಣ್ಣ ವಾಪಸ್ ಹಾಕು.”

ಹುಡುಗಿ ಅಕ್ಕನನ್ನು ನೋಡಿದಳು, ಪರದೆ ನೋಡಿದಳು. “ಎಲ್ಲರೂ ಫೇರ್ ಮಾಡಿ ಅಂತಲೇ ಹೇಳುದು ಆಂಟಿ, ಅದಕ್ಕೆ ಹೇಳುವ ಮೊದಲೇ ಮಾಡಿಬಿಡ್ತೇನೆ” ಎಂದಳು.

“ನಂಗೆ ಗೊತ್ತುಂಟು” ಎಂದಳು ಅಕ್ಕ. “ನಮ್ಮಮ್ಮನೂ ಹೇಳಿದ್ದರು.”

ಹುಡುಗಿ ಏನೋ ಒತ್ತಿದಳು. ಹಿಟ್ಟು ಸರಿದು ಅಕ್ಕ ಹೊರಗೆ ಬಂದಳು. ಮೊದಲು ಬಣ್ಣ, ಆಮೇಲೆ ನೆರಿಗೆಗಳು, ಒಂದೊಂದಾಗಿ. ಹುಡುಗಿ ಸ್ವಲ್ಪ ಹಿಂದೆ ಸರಿದು ನೋಡಿ, ಯಾರಿಗೋ ಹೇಳುವ ಹಾಗೆ ತುಳುವಿನಲ್ಲಿ, “ಪೊರ್ಲು ಉಂಡು” ಎಂದಳು. ಚಂದ ಉಂಟು ಎಂದು. ಅವಳೂ ಅಂಥ ಬೆಳ್ಳಗಿನವಳೇನಲ್ಲ ಎಂಬುದನ್ನು ನಾನು ಗಮನಿಸಿದ್ದು ಆಗಲೇ.

ಉದ್ಘಾಟನೆಯ ದಿವಸ ಹೋದಾಗ ಸೊಸೈಟಿಯ ಎದುರು ಫ್ಲೆಕ್ಸ್ ಕಟ್ಟಿದ್ದರು. ಜೀಪಿನಿಂದ ಇಳಿದವರು, ಬಸ್ಸಿನಲ್ಲಿ ಹೋಗುವವರು ಎಲ್ಲ ನೋಡುವ ಎತ್ತರದಲ್ಲಿ ನನ್ನಕ್ಕ. ನಾನು ಹತ್ತಿರ ಹೋಗಿ, ಮೂಗುಬೊಟ್ಟಿನ ಆ ಹನಿ ಪ್ರಿಂಟಿನಲ್ಲಿ ಸರಿಯಾಗಿ ಬಂದಿದೆಯೇ, ನೆರಳು ಕೆಟ್ಟಿದೆಯೇ ಎಂದೆಲ್ಲ ಪರೀಕ್ಷೆ ಮಾಡಿದೆ. ಬಂದವರಿಗೆಲ್ಲ, ಕೇಳದಿದ್ದರೂ, ಬೆಳಕು ಬದಿಯಿಂದ ಹಾಕಿದ್ದು ಎಂದು ಹೇಳಿದೆ. ಒಬ್ಬರು, “ಓ, ಕರೆಂಟ್ ಹೋಗಿತ್ತಾ?” ಎಂದು ಕೇಳಿದರು.

ಭಾಷಣ, ಊಟ ಎಲ್ಲ ಮುಗಿಯುವಾಗ ನಡುಮಧ್ಯಾಹ್ನ. ಸೊಸೈಟಿಯ ಹೆಂಗಸರು ಹೊಸ ಕಟ್ಟಡದ ಮೆಟ್ಟಿಲಲ್ಲಿ ಸಾಲಾಗಿ ನಿಂತುಕೊಳ್ಳುತ್ತಿದ್ದರು. ಅಕ್ಕನಿಗೆ ಈಗ ಪಾಯಸದ ನೆನಪಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಹೆಂಗಸರನ್ನು ಆಚೀಚೆ ಸರಿಸಿ, ಸರಿಯಾಗಿ ನಡುವೆ ನಿಂತಳು.

“ಉಷಾ, ಎಂತ ನೋಡ್ತಾ ನಿಂತದ್ದು? ಫೋನ್ ತೆಗಿ.”

ನಾನು ಆಕಾಶ ನೋಡಿದೆ. ಬಿಸಿಲು ನೆತ್ತಿಯ ಮೇಲೆ. ಎಲ್ಲರ ಕಣ್ಣಿನ ಕೆಳಗೆ ಗುಂಡಿ ಬಿದ್ದಂತೆ ನೆರಳು, ಸಿಮೆಂಟಿನ ಮೆಟ್ಟಿಲಿಂದ ಕಣ್ಣು ಕುಕ್ಕುವ ಝಳ. ಇದಕ್ಕಿಂತ ಕೆಟ್ಟ ಬೆಳಕು ಫೋಟೋಗೆ ಇರಲಿಕ್ಕಿಲ್ಲ.

“ಈಗ ಬೇಡ ಅಕ್ಕ. ಬೆಳಕು ಸರಿ ಇಲ್ಲ. ಸಂಜೆ ಮಾಡುವ.”

“ಸಂಜೆಗೆ ಹಾಲು ಕರೆಯುದು ಯಾರು? ಬೆಳಕು ಹೇಗಾದರೂ ಇರ್ಲಿ, ನೀನು ತೆಗಿ.”

ತೆಗೆದೆ. ಗಾಳಿಗೆ ಸೆರಗು ಹಾರಿ ಪಕ್ಕದವರ ಮುಖಕ್ಕೆ ಬಡಿದಿದೆ, ಒಬ್ಬರ ಕಣ್ಣು ಮುಚ್ಚಿದೆ, ಅಕ್ಕನ ಅರ್ಧ ಮುಖ ನೆರಳಿನಲ್ಲಿ ಹೋಗಿದೆ. ಉಳಿದರ್ಧದಲ್ಲಿ ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಾಳೆ. ಅಂದು ಸಂಜೆ ಅವಳು ನಮ್ಮ ಕುಟುಂಬದ ಗುಂಪಿಗೆ ತಾನಾಗಿ ಕಳಿಸಿದ್ದು ಅದನ್ನೇ.